ಡೇರಿ ಹೊತ್ತಿನವರೆಗೆ ನಿಲ್ಲೋದು

ನಮ್ಮ ಚಿಕ್ಕಪ್ಪ ಬ್ಯಾಟಿಂಗಿಗೆ ಇಳಿದರೆ ಬೌಂಡರಿಯಲ್ಲಿ ಮಲಗಿದ ನಾಯಿಯೂ ಎದ್ದು ಆಕಳಿಸಿ ಮತ್ತೆ ಮಲಗುತ್ತಿತ್ತು. ಇದು ಸುಳ್ಳಲ್ಲ, ವಿಡಿಯೋ ಮಾಡಿಟ್ಟಿದ್ದೀನಿ. ಎರಡು ಸಲ ಆಕಳಿಸಿದ್ದನ್ನು ನಾನು ಊರಲ್ಲಿ ಹೇಳುವಾಗ ಹನ್ನೆರಡು ಸಲ ಮಾಡಿದ್ದೇನೆ, ಅಷ್ಟೆ.

ಕ್ಯಾತನಹಳ್ಳಿಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವುದು ಅವನ ಕೆಲಸ. ಅಂಟಿನ ಡಬ್ಬಿಗೆ ಮೊಬೈಲು ಒರಗಿಸಿ, ಟೆಸ್ಟ್ ಮ್ಯಾಚ್ ಹಾಕಿಕೊಂಡು ಮರ ಕೀಸುತ್ತಾನೆ. ಸಿಕ್ಸ್ ಹೊಡೆಯುವವರು ಬಂದರೆ ತಲೆ ಎತ್ತುವುದೇ ಇಲ್ಲ. ಆಫ್ ಸ್ಟಂಪಿನ ಆಚೆ ಹೋಗುವ ಬಾಲನ್ನು ಬ್ಯಾಟೆತ್ತಿ ಬಿಟ್ಟುಬಿಡುವವನೊಬ್ಬ ಬಂದರೆ ಮಾತ್ರ ಕೀಸುವ ಸದ್ದು ನಿಲ್ಲುತ್ತದೆ.

“ನೋಡ್ಲಾ, ಎಂಗ್ ಬುಟ್ಟ!”

“ಬುಟ್ಟಿದ್ದಕ್ಕೆ ಏನ್ ಕೊಟ್ಟಾರು ಚಿಕ್ಕಪ್ಪ? ಒಂದು ಚಪ್ಪಾಳೆನೂ ಇಲ್ಲ.”

“ಚಪ್ಪಾಳೆ ಒಡ್ಯೋರು ಸಂಜೆಗೆ ಮನೆಗೋಯ್ತಾರೆ. ಅವ್ನು ನಾಳೆನೂ ಅಲ್ಲೇ ನಿಂತಿರ್ತಾನೆ.”

ಇಡೀ ದಿನ ಒಂದೇ ಜಾಗಕ್ಕೆ ಬಾಲ್ ಹಾಕಿ ಒಂದು ವಿಕೆಟ್ಟೂ ಸಿಗದ ಬೌಲರೂ ಅವನಿಗೆ ಇಷ್ಟ. ಆ ತುದಿಯವನಿಗೆ ಐದು ವಿಕೆಟ್ ಸಿಕ್ಕಿದ್ದೇ ಈ ತುದಿಯವನಿಂದ ಅನ್ನುತ್ತಾನೆ. “ದಾರಂದ ನೆಟ್ಟಗೆ ಕೂತಿದ್ರೆ ತಾನೆ ಬಾಗ್ಲು ಸಲೀಸಾಗಿ ಆಡೋದು? ಮನೆಗ್ ಬಂದೋರು ಯಾರಾದ್ರೂ ದಾರಂದ ನೋಡ್ತಾರೇನ್ಲಾ?”

ನಾನಂತೂ ನೋಡಿರಲಿಲ್ಲ. ನನಗೆ ಹದಿನೇಳು. ಬಾಲನ್ನು ಬಿಡುವವನ ರೀಲ್ಸಿಗೆ ಯಾರು ಲೈಕ್ ಕೊಡುತ್ತಾರೆ?

ಈ ಕಡೆಯ ಊರುಗಳು ಬೇಸಗೆಯಲ್ಲಿ ಕೆಂಪು ಬಾಲಿನಲ್ಲಿ ಎರಡು ದಿನದ, ಎರಡು ಇನ್ನಿಂಗ್ಸಿನ ಮ್ಯಾಚ್ ಆಡುತ್ತವೆ. ಪಾಂಡವಪುರ ತಾಲ್ಲೂಕಿನಿಂದ ನಾವು, ನಾಗಮಂಗಲದ ಕಡೆಯಿಂದ ಹೊಣಕೆರೆಯವರು, ಶ್ರೀರಂಗಪಟ್ಟಣದ ಗಂಜಾಂನವರು, ಕೆ.ಆರ್.ಪೇಟೆಯವರದೊಂದು ಟೀಮು. ನಮ್ಮೂರಿನಲ್ಲಿ ಎರಡು ಕಾನೂನುಂಟು. ಒಂದು, ಡೇರಿಯ ಮೈಕಿನಲ್ಲಿ “ಆಲು ತರೋರು ಬನ್ರಪ್ಪೋ” ಎಂದು ಕೂಗಿದರೆ ಆಟ ಮುಗಿಯಿತು. ಅಂಪೈರಿಗೂ ಎರಡು ಸೀಮೆಹಸುಗಳಿವೆ. ಇನ್ನೊಂದು, ಪಡುವಣ ದಿಕ್ಕಿನ ಕಬ್ಬಿನ ಗದ್ದೆಗೆ ಬಾಲ್ ಬಿದ್ದರೆ ಸಿಕ್ಸು, ಬಾಲ್ ಸಿಗುವ ತನಕ ಆಟ ನಿಲ್ಲುತ್ತದೆ. ಇರುವುದೊಂದೇ ಬಾಲು. ಕಬ್ಬಿನೊಳಗೆ ಅದನ್ನು ಹುಡುಕಲು ಕಡಿಮೆಯೆಂದರೂ ಹತ್ತು ನಿಮಿಷ ಬೇಕು.

ಈ ವರ್ಷ ಹೊಣಕೆರೆಯವರ ಜೊತೆ ಆಡುವ ಮುಂಚೆ ನಮ್ಮ ಕ್ಯಾಪ್ಟನ್ ಟ್ರಾಕ್ಟರಿನ ಮೇಲೆ ಕೂತೇ ಚಿಕ್ಕಪ್ಪನಿಗೆ ಹೇಳಿದ, “ಆಚಾರ್ರೇ, ಇದೊಂದ್ ಮ್ಯಾಚ್ ಸೋತ್ರೆ ನೀವ್ ಕೂತ್ಕಬುಡಿ. ಉಡುಗ್ರು ಕಾಯ್ತಾವ್ರೆ.”

ಇಪ್ಪತ್ತು ವರ್ಷದಿಂದ ಆಡುತ್ತಿದ್ದವನು “ಆಗ್ಲಿ” ಎಂದ. ಇಸ್ಪೀಟಿಲ್ಲ, ಹೆಂಡವಿಲ್ಲ, ಈ ಮ್ಯಾಚುಗಳನ್ನು ಬಿಟ್ಟರೆ ಅವನಿಗೆ ಬೇರೆ ಹಬ್ಬವೂ ಇಲ್ಲ. ರಾತ್ರಿ ಪ್ಯಾಡಿನ ಪಟ್ಟಿ ಹೊಲಿಯುತ್ತಾ ಕೂತಿದ್ದನ್ನು ನಾನು ನೋಡಿದೆ. ಡ್ರಾ ಆದರೂ ಸಾಕಿತ್ತು ಅವನಿಗೆ.

ಭಾನುವಾರ ಮಧ್ಯಾಹ್ನ ನಮ್ಮ ಎರಡನೇ ಇನ್ನಿಂಗ್ಸ್. ಗೆಲ್ಲುವ ಮಾತೇ ಇರಲಿಲ್ಲ. ನಮ್ಮ ಸಿಕ್ಸರ್ ವೀರರೆಲ್ಲ ಬಸ್ಸಿಗೆ ಹೊತ್ತಾಯಿತು ಅನ್ನುವ ಹಾಗೆ ಹೋಗಿ ಬಂದರು. ಚಿಕ್ಕಪ್ಪ ನಿಂತ. ಮೂರು ಗಂಟೆಯಲ್ಲಿ ಹನ್ನೊಂದು ರನ್ನು, ಅದರಲ್ಲಿ ನಾಲ್ಕು ಬ್ಯಾಟಿನ ಅಂಚಿಗೆ ತಾಗಿ ಓಡಿದ್ದು. ಹೊಣಕೆರೆಯ ಕೀಪರಿಗೆ ರೇಗಿಹೋಯಿತು.

“ಆಚಾರ್ರೇ, ಪಿಚ್ಗೇ ಮೊಳೆ ಒಡ್ಕೊಂಡು ನಿಂತಿದ್ದೀರಾ?”

“ಊಂ. ಕೀಳಾಕೆ ಇಕ್ಕಳ ತತ್ತಾ.”

ನಾನು ಮರದ ಕೆಳಗೆ ಪ್ಯಾಡ್ ಕಟ್ಟಿಕೊಂಡು, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಫ್ರೆಂಡಿನ ಕೈಯಲ್ಲಿ ಹದಿನಾಲ್ಕು ರೀಲ್ಸ್ ತೆಗೆಸಿಕೊಂಡೆ. ಟೀ ಹೊತ್ತಿನಲ್ಲಿ ಎರಡೂ ಕಡೆಯವರು ಸೇರಿ ಏನೋ ಮಾತಾಡುತ್ತಿದ್ದರು, ನಾನು ಕೂದಲಿಗೆ ನೀರು ಹಚ್ಚಿಕೊಳ್ಳುತ್ತಿದ್ದೆ. ಒಂಬತ್ತನೇ ವಿಕೆಟ್ ಬಿದ್ದಾಗ ಡೇರಿಗೆ ಇನ್ನು ಹದಿನೈದು ನಿಮಿಷ. ಹನ್ನೊಂದನೆಯವನಾಗಿ ನಾನು ಸಿನಿಮಾ ಹೀರೋ ಥರ ನಡೆದು ಹೋದೆ. ಅರ್ಧ ದಾರಿಯಲ್ಲಿ ಪ್ಯಾಡ್ ಬಿಚ್ಚಿಕೊಂಡಿತು.

ಚಿಕ್ಕಪ್ಪ ಹತ್ತಿರ ಬಂದು ಪಟ್ಟಿ ಕಟ್ಟಿದ. ಅವನ ಬೆರಳುಗಳು ಊದಿಕೊಂಡಿದ್ದವು.

“ಬ್ಯಾಟ್ ಮುಂದ್ಕಿಕ್ಕಿ ನಿಂತ್ಕೊ, ಸಾಕು. ಪಡುವ್ಲಾಗೆ ಮಾತ್ರ ಎತ್ತಿ ಒಡೀಬ್ಯಾಡ ಕಣ್ಲಾ.”

“ಊಂ ಚಿಕ್ಕಪ್ಪ.”

ಊಂ ಎಂದೆ, ಕೇಳಿಸಿಕೊಳ್ಳಲಿಲ್ಲ. ಅವನು ಎತ್ತಿ ಹೊಡೆಯಬೇಡ ಎಂದು ದಿನಾ ಹೇಳುತ್ತಿದ್ದ. ಮೊದಲ ಬಾಲು ಬ್ಯಾಟಿಗೆ ತಾಗಿತು, ಎರಡನೆಯದು ಮೂಗಿನ ಪಕ್ಕ ಹೋಯಿತು. ಆಗ ನನಗೊಂದು ಉಪಾಯ ಹೊಳೆಯಿತು. ಇದನ್ನು ಬೇರೆ ಯಾವ ದೇಶದ ಆಟಗಾರನೂ ಯೋಚಿಸಿರಲಾರ. ಒಂದು ಬಾಲನ್ನು ಕಬ್ಬಿನೊಳಗೆ ಹೊಡೆದರೆ ಹುಡುಕುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ. ಅಷ್ಟರಲ್ಲಿ ಡೇರಿ ಕೂಗುತ್ತದೆ. ಚಿಕ್ಕಪ್ಪ ಮೂರು ಗಂಟೆ ಒದ್ದಾಡಿ ಮಾಡಿದ್ದನ್ನು ನಾನು ಒಂದೇ ಏಟಿಗೆ ಮಾಡಿ ಮುಗಿಸುತ್ತೇನೆ. ರೀಲ್ಸೂ ಆಗುತ್ತದೆ.

ಪಡುವಣಕ್ಕೆ ತಿರುಗಿದರೆ ಸೂರ್ಯ ಕಣ್ಣಿಗೆ ರಾಚುತ್ತಿದ್ದ, ಏನೂ ಕಾಣುತ್ತಿರಲಿಲ್ಲ. ಬೀಸಿದೆ. ಸರಿಯಾಗಿ ಸಿಕ್ಕಿತು. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಸಿಕ್ಕಿಲ್ಲ. ಅದು ಕೆಳಗೆ ಬರುವಷ್ಟರಲ್ಲಿ ಪಾಂಡವಪುರದ ಬಸ್ಸು ಕೆ.ಆರ್.ಪೇಟೆ ಮುಟ್ಟಿ ಟೀ ಕುಡಿದು ವಾಪಸ್ ಬರಬಹುದಿತ್ತು. ನಾನು ಕೈ ಎತ್ತಿದೆ.

ಆ ಕಡೆಯಿಂದ ಕೇಕೆ ಕೇಳಿಸಿತು.

ಶನಿವಾರ ಆಳೆತ್ತರ ನಿಂತಿದ್ದ ಕಬ್ಬು ಅಲ್ಲಿರಲಿಲ್ಲ. ಫ್ಯಾಕ್ಟರಿಯಿಂದ ಕಟಾವಿಗೆ ಹೇಳಿ ಕಳಿಸಿದ್ದರಂತೆ. ನಾವು ಆಡುತ್ತಿರುವಾಗಲೇ ಕಡಿಯುವವರು ಬಂದು ಆ ಪಟ್ಟಿಯನ್ನು ಬೋಳಿಸಿ ಹೊರೆ ಕಟ್ಟಿ ಹೋಗಿದ್ದರು. ಕಬ್ಬೇ ಇಲ್ಲದ ಮೇಲೆ ಬೌಂಡರಿ ಎಲ್ಲಿ? ಆಚೆಯ ಬದು ಎಂದು ಟೀ ಹೊತ್ತಿನಲ್ಲಿ ಎರಡೂ ಟೀಮಿನವರು ಒಪ್ಪಿದ್ದರು. ತರಗಿನ ನಡುವೆ ಹೊಣಕೆರೆಯ ಒಬ್ಬ ಆರಾಮಾಗಿ ನಿಂತು ಬಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

“ಆಚಾರ್ರ ಮಗ್ನೇ, ಕಬ್ಬು ಲಾರಿ ಅತ್ತಿ ಓಯ್ತು ಕಣ್ಲಾ!” ಎಂದು ಕೀಪರ್ ಬಿದ್ದು ಬಿದ್ದು ನಕ್ಕ.

ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಹಾಕಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು. ನನ್ನದೇ, ಆದರೆ ಯಾರದೋ. ಚಿಕ್ಕಪ್ಪ ಆ ತುದಿಯಲ್ಲಿ ಬೇಲ್ಸ್ ಎತ್ತಿ ಅಂಪೈರಿಗೆ ಕೊಟ್ಟ. ಔಟಾಗದವನು ಅವನೊಬ್ಬನೇ. ನಾವು ಗದ್ದೆ ದಾಟುವಾಗ ಡೇರಿಯ ಮೈಕು ಕೂಗಿತು.

ವಾರ ಕಳೆದು ಗಂಜಾಂ ಮ್ಯಾಚಿಗೆ ಆಡುವವರ ಲಿಸ್ಟು ಮೊಬೈಲಿಗೆ ಬಂತು. ಚಿಕ್ಕಪ್ಪನ ಹೆಸರಿಲ್ಲ, ನನ್ನದಿದೆ. ನಾನು ಔಟಾದ ರೀಲ್ಸನ್ನು ನಾಲ್ಕೂ ತಾಲ್ಲೂಕಿನವರು ನೋಡಿದ್ದಾರೆ, ಹುಡುಗ ಚೆನ್ನಾಗಿ ಹೊಡೀತಾನೆ ಎಂದರಂತೆ. ಖುಷಿಯಾಗಬೇಕಿತ್ತು. ಅದೂ ಆಗಲಿಲ್ಲ.

ಸಂಜೆ ಅವನ ಮರಗೆಲಸದ ಕೊಟ್ಟಿಗೆಗೆ ಹೋದೆ. ಅಂಟಿನ ಡಬ್ಬಿಗೆ ಒರಗಿದ ಮೊಬೈಲಿನಲ್ಲಿ ಟೆಸ್ಟ್ ನಡೆಯುತ್ತಿತ್ತು. ಯಾವನೋ ಒಬ್ಬ ಮೈಗೆಲ್ಲ ಏಟು ತಿಂದು ನಿಂತಿದ್ದ. ಮೂಲೆಯಲ್ಲಿ ಚಿಕ್ಕಪ್ಪನ ಪ್ಯಾಡುಗಳನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿತ್ತು.

“ಚಿಕ್ಕಪ್ಪ, ಆವತ್ತು ನೀನ್ ಏಳಿದ್ದು ನಾನು...”

ಅವನು ಆ ಮಾತನ್ನು ನೋಡಿದ, ಆಫ್ ಸ್ಟಂಪಿನ ಆಚೆ ಹೋಗುವ ಬಾಲನ್ನು ನೋಡುವ ಹಾಗೆ. ಬಿಟ್ಟುಬಿಟ್ಟ.

“ಈ ದಾರಂದ ಇಡ್ಕೊ. ಅಳ್ಳಾಡಿಸ್ಬ್ಯಾಡ.”

ಹಿಡಿದುಕೊಂಡೆ. ಅವನು ಉಳಿಯ ತಲೆಗೆ ಕೊಡತಿಯಲ್ಲಿ ಹೊಡೆಯುತ್ತಿದ್ದ, ಪ್ರತಿ ಏಟೂ ನನ್ನ ಮೊಣಕೈಗೆ ಬರುತ್ತಿತ್ತು. ಮೊಬೈಲಿನಲ್ಲಿ ಒಂದು ಓವರ್ ಹೋಯಿತು, ರನ್ನಿಲ್ಲ. ಇನ್ನೊಂದು ಹೋಯಿತು. ಕೈ ಜೋಮು ಹಿಡಿಯಿತು. ಬದಲಾಯಿಸಲಿಲ್ಲ.