ಅಕ್ಕಿಯ ಮೇಲಿನ ಐದನೇ ಹೆಸರು

ಬೊನಿಫಾಚಿಯೊ ಅಂಕಲ್ ತಾವು ಮಾಡಿದ ತಪ್ಪನ್ನೆಲ್ಲ ತಮ್ಮ ಹೆಸರಿನ ಹಿರಿಯರ ತಲೆಗೆ ಕಟ್ಟುತ್ತಿದ್ದರು. ಇಂಗ್ಲಿಷರ ಊರು ಕಿಲ್ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಇಟಲಿಯಿಂದ ಬಂದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಒಂದು ಮಧ್ಯಾಹ್ನ ಕಳೆ ಕೀಳಲು ಸಹಾಯಕ್ಕೆ ಬಂದು, ನಾನು ಎರಡು ವರ್ಷ ಕಾಪಾಡಿದ ಕರಿಬೇವಿನ ಗಿಡವನ್ನೇ ಬುಡಕ್ಕೆ ಕತ್ತರಿಸಿಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

“ಹಿಂದೆ ಜರ್ಮನಿಯಲ್ಲಿ ನನ್ನ ಹೆಸರಿನ ಸಂತ ಒಬ್ಬರಿದ್ರು. ಜನ ಪೂಜೆ ಮಾಡೋ ಮರಾನೇ ಕಡಿದ್ರು. ಹೆಸರಿನ ಗುಣ ಸಿಗ್ನೋರಾ, ನಾನೇನ್ ಮಾಡ್ಲಿ?”

“ಆ ಸಂತರು ಒಗ್ಗರಣೆಗೆ ಏನ್ ಹಾಕ್ತಿದ್ರಂತೆ ಅಂಕಲ್?” ಅಂದೆ. ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕೆವು. ದೇವರ ದಯೆ, ಬುಡ ಚಿಗುರಿತು.

ಎಂಟೊಂಬತ್ತು ಪೋಪರಿಗೂ ಆ ಹೆಸರಿತ್ತಂತೆ. ಅಂಕಲ್‌ಗೆ ಸಿಟ್ಟು ಬಂದರೆ ಅದು ಜಗಳಗಂಟ ಪೋಪರ ಸಿಟ್ಟು. ನಾನು ಬಸುರಿಯಿದ್ದಾಗ ಮಾತ್ರ ಒಮ್ಮೆ ಕಾಫಿ ಲೋಟ ಕೆಳಗಿಟ್ಟು, “ನಮ್ಮ ಮನೇಲಿ ತಾತನಿಂದ ಮೊಮ್ಮಗನಿಗೆ ಬಂದ ಹೆಸರು. ನನ್ನ ಹತ್ರ ನಿಂತುಹೋಗುತ್ತೆ” ಎಂದರು. ಅವತ್ತು ನಗಲಿಲ್ಲ.

ನಾಮಕರಣದ ದಿನ ನಮ್ಮ ಯಜಮಾನರು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದರು: ಮನೆದೇವರ ಹೆಸರು, ಮಾಸದ್ದು, ನಕ್ಷತ್ರದ್ದು, ಕರೆಯುವುದು. ಕೆಳಗೆ ಇನ್ನೂ ಜಾಗವಿತ್ತು.

“ಬೊನಿಫಾಚಿಯೊ ಅಂತಾನೂ ಬರೀರಿ,” ಎಂದೆ.

ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದ ಅತ್ತೆ, “ಅದೇನೇ ಅದು, ಬಿಸ್ಕತ್ತಿನ ಹೆಸರಿದ್ದ ಹಾಗಿದೆ?” ಎಂದರು.

ಪುರೋಹಿತರು, “ದೇವರಿಗೇ ಸಾವಿರ ಹೆಸರಿದೆ, ಮಗೂಗೆ ಐದಿರ್ಲಿ ಬಿಡಿ,” ಎಂದರು.

ಅಂಕಲ್ ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಹೇಳಿದರು. ಸಂತೋಷ ತಡೆಯಲಾರದೆ ಫೋನಿನಲ್ಲಿದ್ದ ಅತ್ತೆಗೆ ಮುತ್ತು ಕೊಟ್ಟುಬಿಟ್ಟರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಯಜಮಾನರು ಜನನ ನೋಂದಣಿಯ ಅರ್ಜಿಗೆ ತಟ್ಟೆ ನೋಡಿಕೊಂಡು ಐದನ್ನೂ ತುಂಬಿದರು. ಶಾಲೆಯಲ್ಲಿ ಟೀಚರ್ ನಾಲಿಗೆಗೆ ಹೊರಳಿದ್ದು ಕೊನೆಯದೊಂದೇ. ಹಾಗಾಗಿ ಮನೆಯಲ್ಲಿ ಶ್ರೀವತ್ಸ, ಹಾಜರಿಯಲ್ಲಿ ಬೊನಿಫಾಚಿಯೊ.

ಅವನಿಗೆ ಆರು ತುಂಬಿದಾಗ ಅಂಕಲ್ ಆಸ್ಪತ್ರೆ ಸೇರಿದರು. ನೋಡಲು ಹೋಗಿದ್ದೆವು. ಕಣ್ಣು ಮುಚ್ಚಿ ಮಲಗಿದ್ದರು. ಮಾತ್ರೆ ತಂದ ನರ್ಸ್, “ಬೊನಿಫಾಚಿಯೊ?” ಎಂದಳು. ಅಂಕಲ್‌ಗೆ ಕೊಟ್ಟಿದ್ದ ಜೆಲ್ಲಿ ತಿನ್ನುತ್ತಿದ್ದ ನನ್ನ ಮಗ ಚಮಚ ಸಮೇತ ಕೈ ಎತ್ತಿ, “ಹಿಯರ್, ಮಿಸ್,” ಎಂದ.

ಅಂಕಲ್ ಒಂದು ಕಣ್ಣು ತೆರೆದರು.

“ಇಬ್ಬರಿದ್ದೀವಿ ಸಿಸ್ಟರ್. ಮಾತ್ರೆ ದೊಡ್ಡವನಿಗೆ, ಜೆಲ್ಲಿ ಚಿಕ್ಕವನಿಗೆ.”

ನರ್ಸ್ ನಕ್ಕಳು, ನಾವೆಲ್ಲ ನಕ್ಕೆವು. ಮುಂದಿನ ಭಾನುವಾರ ಹೋದಾಗ ಹಾಸಿಗೆ ಖಾಲಿಯಿತ್ತು. ಇಬ್ಬರಿದ್ದೀವಿ ಎಂದು ಎಣಿಸಿಯೇ ಹೋದರಲ್ಲ, ಅಷ್ಟು ಕೃಪೆ ಸಾಕು.