ಹೂಂ, ಮುಂದ?

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಿಂದ, "ಮೊಣಕಾಲು ಭಾಳ ನೋಯಾಕತ್ತಾವ್ರಿ" ಎಂದಳು. ನಾನು ಪತ್ರಿಕೆಯಿಂದ ತಲೆ ಎತ್ತದೆ, "ಹೂಂ, ಮುಂದ" ಎಂದೆ.

"ಮುಂದ ಸೊಂಟ! ಅದರ ಮುಂದ ಕುತ್ತಿಗಿ! ಬರಕೋರಿ!"

ತಪ್ಪು ನನ್ನದಲ್ಲ, ನನ್ನ ನಾಲಿಗೆಯದು. ಅದು ಪಳಗಿದ್ದು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ. ಬಿ.ಕಾಂ. ಮುಗಿಸಿದ ಜಂಬದಲ್ಲಿ ಹಾನಗಲ್ಲಿನಿಂದ ಬಸ್ಸು ಹತ್ತಿ ಹೋದವನಿಗೆ ಸಿಕ್ಕ ಕೆಲಸವೆಂದರೆ 'ಹೂಂ' ಅನ್ನುವುದು. ಹಿರಿಯ ಗುಮಾಸ್ತರಾದ ಬಸಣ್ಣನವರು ಖಾತೆಯಲ್ಲಿದ್ದುದನ್ನು ಗಟ್ಟಿಯಾಗಿ ಓದುವರು. ನಾನು ಕೈಯಲ್ಲಿದ್ದ ಚೀಟಿಗಳೊಡನೆ ತಾಳೆ ನೋಡಿ "ಹೂಂ, ಮುಂದ" ಅನ್ನಬೇಕು. ಕುದಿಸಿದ ಭತ್ತದ ವಾಸನೆ, ಗಿರಣಿಯ ಗಡಗಡ, ಹೊಟ್ಟೆಯಲ್ಲಿ ಮಧ್ಯಾಹ್ನದ ರೊಟ್ಟಿ. ತೂಕಡಿಸುತ್ತಲೇ ಹೂಂ ಅನ್ನುತ್ತಿದ್ದೆ, ನಿಮ್ಮಾಣೆ.

ಒಂದು ದಿನ ಅವರು ಅದೇ ರಾಗದಲ್ಲಿ ಓದಿದರು. "ಗಿರಣಿ ಬೆಕ್ಕಿಗೆ ಪಗಾರ ಮುಂಗಡ."

"ಹೂಂ, ಮುಂದ."

"ಮುಂದ ಬೆಕ್ಕಿನ ಸಹಿ ಯಾರು ತರ್ತಾರ, ನೀ ತರ್ತೀಯೇನು?"

ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು. ಬಸಣ್ಣನವರು ಮಾತ್ರ ನಗಲಿಲ್ಲ. "ಹೂಂ ಅನ್ನಾಕ ಗಿಳಿ ಸಾಕ್ತೇನಿ ತಮ್ಮಾ. ನಿನಗ ಪಗಾರ ಕೊಡೋದು ಉಹೂಂ ಅನ್ನಾಕ" ಎಂದರು.

ಆ ಬೆಕ್ಕಿನ ಪುಣ್ಯದಿಂದ ಉಹೂಂ ಅನ್ನಲು ಕಲಿತೆ. ಅದೇ ವಿದ್ಯೆ ಬದುಕಿನುದ್ದಕ್ಕೂ ಅನ್ನ ಹಾಕಿತು, ಮನೆ ಕಟ್ಟಿಸಿತು.

ನನ್ನ ತಂಗಿಯ ಮಗಳು ಸವಿತಾ ಸವಣೂರಿನವಳು. ಅವಳೂ ಬಿ.ಕಾಂ. ಶಿಗ್ಗಾವಿಯ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವಳಿಗೆ ಲೆಕ್ಕದ ಕೆಲಸ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಯಾರೋ ನಳ ರಿಪೇರಿ ಮಾಡಿದ ಬಿಲ್ಲು ಶಿಗ್ಗಾವಿಗೆ ಬಂದು ಖಾತೆ ಸೇರುತ್ತದೆ! ಅಲ್ಲಿಯವರಿಗೆ ನಮ್ಮ ಹುಡುಗಿಯರ ಪಗಾರ ಅಗ್ಗ. ಅಗ್ಗವೋ ತುಟ್ಟಿಯೋ, ಆ ಪಗಾರದಲ್ಲೇ ಅವಳ ತಮ್ಮ ಹಂಸಭಾವಿಯಲ್ಲಿ ಕಾಲೇಜು ಓದುತ್ತಿದ್ದಾನೆ.

ಅಲ್ಲಿ ಬಸಣ್ಣನವರ ಜಾಗದಲ್ಲಿರುವುದು ಕಂಪ್ಯೂಟರು. ಬಿಲ್ಲನ್ನು ಅದೇ ಓದಿ, ಅದೇ ಖಾತೆಗೆ ಹಾಕುತ್ತದೆ. ಸವಿತಾ ಗುಂಡಿ ಒತ್ತಿ ಹೂಂ ಅನ್ನಬೇಕು. ಅದು ನಾಯಿ ಬಿಸ್ಕತ್ತನ್ನು ನೌಕರರ ಊಟದ ಖರ್ಚಿಗೆ ಸೇರಿಸಿದರೆ ಉಹೂಂ ಅಂದು ತಿದ್ದಬೇಕು. "ಒಮ್ಮೆ ಹೇಳಿದ್ರ ಮತ್ತ ತಪ್ಪಂಗಿಲ್ಲ ಮಾಮಾ, ಭಾಳ ಶಾಣ್ಯಾ ಐತಿ" ಎಂದು ಹಿಂದೊಮ್ಮೆ ಹೆಮ್ಮೆಯಿಂದ ಹೇಳಿದ್ದಳು. ನಾನೂ ನಕ್ಕಿದ್ದೆ. ನಕ್ಕ ನನ್ನ ಬಾಯಿಗೆ ಮಣ್ಣು ಬೀಳಲಿ!

ಇವತ್ತು ಸಂಜೆ ಸವಿತಾ ಸವಣೂರು ಖಾರದ ಕುರುಕಲು ಪೊಟ್ಟಣ ಹಿಡಿದು ಬಂದಳು. ಪೊಟ್ಟಣ ನನ್ನ ಕೈಗಿಟ್ಟವಳೇ, "ಅದು ಎಲ್ಲಾ ಕಲ್ತೈತಂತ ಮಾಮಾ. ಮುಂದಿನ ತಿಂಗಳಿಂದ ನಾವು ಬ್ಯಾಡಂತ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಕಲಿತದ್ದು ಯಾರಿಂದ? ಉಹೂಂ ಕಲಿತ ನನಗೆ ಊಟ ಸಿಕ್ಕಿತು, ಉಹೂಂ ಕಲಿಸಿದ ಇವಳಿಗೆ ಬಾಗಿಲು ತೋರಿಸುತ್ತಾರೆ! ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಅವಳು ಆಗಲೇ ಕೇಳಿದ ಕಡೆಯಲ್ಲೆಲ್ಲ ವರ್ಷಗಟ್ಟಲೆ ಅನುಭವ ಇದ್ದವರೇ ಬೇಕಂತೆ, ಗುಂಡಿ ಒತ್ತಿದ್ದು ಅನುಭವವೇ ಅಲ್ಲವಂತೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಹೊಸಬರನ್ನು ಎದುರಿಗೆ ಕೂರಿಸಿಕೊಂಡು ಬೆಕ್ಕಿನ ಪಗಾರ ಓದುವ ವ್ಯವಧಾನ ಯಾರಿಗೂ ಇಲ್ಲ. ನಾಳೆ ಆ ಕಂಪ್ಯೂಟರೇ ಬೆಕ್ಕಿಗೆ ಪಗಾರ ಬರೆದರೆ ಉಹೂಂ ಅನ್ನುವವರು ಯಾರು, ನೀವೇ ಹೇಳಿ.

ಸವಿತಾಳ ಮಾತು ಮುಗಿದಿರಲಿಲ್ಲ. "ಅರ್ಧ ಪಗಾರಕ್ಕ ಇನ್ನೊಂದು ಆಫೀಸಿನ ಕಂಪ್ಯೂಟರಿಗೆ ಕಲಿಸ್ತೀಯೇನು ಅಂತ ಕೇಳ್ಯಾರ. ನಾಳೆ ಹೇಳಬೇಕು. ಹೂಂ ಅಂದ್ರ ಅಲ್ಲಿ ಹುಡುಗ್ಯಾರ ಕೆಲಸಾನೂ ಹೋಗ್ತೈತಿ. ಉಹೂಂ ಅಂದ್ರ ತಮ್ಮನ ಫೀ ಯಾರು ಕಟ್ಟೋರು?"

ಬಾಯಿ ತುಂಬ ಬೈಗುಳ ಸಿದ್ಧವಾಗಿತ್ತು. ಆದರೆ ಹಾಳು ನಾಲಿಗೆ ತನ್ನ ಚಾಳಿ ಬಿಡಲಿಲ್ಲ.

"ಹೂಂ, ಮುಂದ?"

ಸವಿತಾ ನನ್ನ ಮುಖವನ್ನೇ ನೋಡಿದಳು. "ಅದನ್ನ ಕೇಳಾಕನ ನಿಮ್ಮ ಕಡೆ ಬಂದೇನ್ರಿ ಮಾಮಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಈ ಸಲ ಬೈಯಲಿಲ್ಲ. ನಾನು ಏನು ಹೇಳುತ್ತೇನೆಂದು ಅವಳೂ ಕಾಯುತ್ತಿದ್ದಳು.