ಶೈಲಜಾಳ ಹೆಸರಿನ ಚೀಟಿ

ಕೈಗುಣ ಎಂಬುದನ್ನು ನಾನು ನಂಬುತ್ತಿರಲಿಲ್ಲ. ಅಡುಗೆಗೋ ನಾಟಿ ಔಷಧಿಗೋ ಇರಬಹುದು, ರಸಾಯನಶಾಸ್ತ್ರಕ್ಕೆ ಎಂಥ ಕೈಗುಣ ಎಂದು ನಗುತ್ತಿದ್ದೆ. ಈಗ ನಂಬುತ್ತೇನೆಯೇ? ಅದೂ ಗೊತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಬನಶಂಕರಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನೂ ಶೈಲಜಾಳೂ ಪಿಎಚ್‌ಡಿ ಮಾಡುತ್ತಿದ್ದೆವು. ಯುರೋಪಿಯಂ ಎಂಬ ಲೋಹವನ್ನು ಸಾವಯವ ಆಮ್ಲದ ಜೊತೆ ಹೆಣೆದು, ಜರಡಿಯ ಹಾಗೆ ಮೈತುಂಬ ತೂತಿರುವ ಹರಳು ಬೆಳೆಸುವುದು ಕೆಲಸ. ಬೆಳಕು ಬಿದ್ದರೆ ಆ ಹರಳು ಬಟ್ಟೆ ಕಾರ್ಖಾನೆಯ ನೀರಿನ ಬಣ್ಣವನ್ನು ಒಡೆದುಹಾಕಬೇಕು. ಒಳ್ಳೆಯ ಹರಳು ಸಿಕ್ಕರೆ ಎಕ್ಸ್-ರೇಯಲ್ಲಿ ಅದರ ರಚನೆ ತಿಳಿಯುತ್ತದೆ. ಯಾರ ಹರಳೋ ಅವರ ಹೆಸರೇ ಪ್ರಬಂಧದಲ್ಲಿ ಮೊದಲು ಎಂದು ಗೈಡ್ ಹೇಳಿಬಿಟ್ಟಿದ್ದರು.

ಶೈಲಜಾ ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ರೂಮು. ನನಗಿಂತ ಎರಡು ವರ್ಷ ತಡವಾಗಿ ಸೇರಿದವಳು. ಬೇರೆ ಯಾವ ಲೋಹವನ್ನು ಅವಳು ಬೇಯಿಸಿದರೂ ಕಲ್ಲುಸಕ್ಕರೆಯಂಥ ಹರಳು, ಅದೇ ಅಳತೆಯಲ್ಲಿ ನಾನು ಬೇಯಿಸಿದರೆ ಸುಣ್ಣದ ರಾಡಿ. "ಅವಳ ಕೈಗುಣ ಕಣಯ್ಯ," ಎನ್ನುತ್ತಿದ್ದರು ಗೈಡ್. ಯುರೋಪಿಯಂ ಒಂದಾದರೂ ನನಗೆ ಬೇಕಿತ್ತು.

ಇಬ್ಬರೂ ಒಂದೇ ಅಳತೆಯ ದ್ರಾವಣವನ್ನು ಒಂದೊಂದು ಉಕ್ಕಿನ ಡಬ್ಬಿಗೆ ತುಂಬಿ, ಹೆಸರಿನ ಚೀಟಿಯನ್ನು ತಂತಿಯಲ್ಲಿ ಕಟ್ಟಿ ಓವನ್‌ನಲ್ಲಿಟ್ಟೆವು. ಮೂರು ದಿನ ಬೇಯಬೇಕು. ಎರಡನೆಯ ಮಧ್ಯಾಹ್ನ ಅವಳು ಎದುರಿನ ದರ್ಶಿನಿಗೆ ಊಟಕ್ಕೆ ಹೋದಾಗ, ಅವಳ ಹರಳು ನನ್ನ ಹೆಸರಿಗೆ ಬರಲಿ ಎಂದು ಚೀಟಿಗಳನ್ನು ಅದಲು ಬದಲು ಮಾಡಿದೆ. ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ನನ್ನ ಡಬ್ಬಿಯ ತಳದಲ್ಲಿ ಹಳೆಯದೊಂದು ಗೀರು ಇದ್ದುದರಿಂದ ತಪ್ಪುವ ಭಯವಿರಲಿಲ್ಲ.

ತೆರೆಯುವಾಗ ಗೈಡೂ ಇದ್ದರು. ನನ್ನ ಹೆಸರಿನದರಲ್ಲಿ, ಅಂದರೆ ಅವಳು ತುಂಬಿದ್ದರಲ್ಲಿ, ಬರೀ ರಾಡಿ. ಅವಳ ಹೆಸರಿನದರಲ್ಲಿ ಹರಳು. ಯುವಿ ದೀಪ ಹಿಡಿದರೆ ಕುಂಕುಮದಷ್ಟು ಕೆಂಪಗೆ ಹೊಳೆದವು. ಹರಳಿದ್ದ ಡಬ್ಬಿಯ ತಳ ತಿರುಗಿಸಿ ನೋಡಿದೆ. ಗೀರು ಅಲ್ಲೇ ಇತ್ತು.

"ನಾ ಏನೂ ಹೊಸಾದ್ ಮಾಡಿಲ್ರಿ ಸರ್, ಇವರು ಮಾಡಿದಂಗ ಮಾಡೀನಿ," ಎಂದಳು ಶೈಲಜಾ, ನನ್ನನ್ನು ತೋರಿಸಿ. ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಜೀವನದಲ್ಲಿ ಮೊದಲ ಸಲ ನನ್ನ ಕೈಯಿಂದ ಹರಳು ಬಂದಿತ್ತು. ಅದು ನನ್ನದು ಎನ್ನಬೇಕಾದರೆ ಚೀಟಿಯ ಕಥೆ ಹೇಳಬೇಕು.

ಪ್ರಬಂಧ ಅವಳ ಹೆಸರಲ್ಲಿ ಬಂತು. ಆಮೇಲೆಯೂ ಅವಳು ಅದೇ ಹರಳನ್ನು ಬೇಕಾದಷ್ಟು ಬೆಳೆಸಿದಳು, ಬಿಸಿಲಿಗಿಟ್ಟ ಬಣ್ಣದ ನೀರು ಅದರಿಂದ ತಿಳಿಯಾಯಿತು. ಅವಳು ಬೆಳೆಸಿದ್ದಕ್ಕಿಂತ ನಾನೇ ಬೆಳೆಸಿದ ಆ ಮೊದಲ ಹರಳಿನ ಮೇಲೆ ನನಗೆ ಹೆಚ್ಚು ಹೊಟ್ಟೆಕಿಚ್ಚು. ಹರಳಿಗೆ ಓದಲು ಬರುವುದಿಲ್ಲ, ನನಗೂ ಗೊತ್ತು. ಆಕಸ್ಮಿಕ ಎನ್ನಿ, ಇರಬಹುದು. ಆದರೆ ನನ್ನ ಹೆಸರು ಕಟ್ಟಿ ಎಷ್ಟು ಸಲ ಬೇಯಿಸಿದರೂ ರಾಡಿಯೇ ಬಂತು. ಅವಳ ಹೆಸರು ಕಟ್ಟಿ ಒಂದೇ ಒಂದು ಸಲ ಇಟ್ಟಿದ್ದರೆ ಗೊತ್ತಾಗಿಬಿಡುತ್ತಿತ್ತು. ಒಂದು ದಿನ ಚೀಟಿ ಬರೆದೂ ಇದ್ದೆ. ಕಟ್ಟಲು ಧೈರ್ಯ ಬರಲಿಲ್ಲ.